ಇದ್ದೆಡೆಗೆ ಹೋದ ಗುರು: ಬಳ್ಳಿಗಾವೆಯ ಅಲ್ಲಮಪ್ರಭುವಿನ ಜೀವನಕಥನ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕು ಆಧುನಿಕ ಚರಿತ್ರೆಯಲ್ಲಿ ಹೆಸರಾಗಿರುವುದು ಈಸೂರಿನ ಮೂಲಕ. 1942ರ ಕ್ವಿಟ್ ಇಂಡಿಯಾ ಚಳವಳಿಯ ಸಂದರ್ಭದಲ್ಲಿ ತನ್ನನ್ನು ತಾನು ಸ್ವತಂತ್ರವೆಂದು ಘೋಷಿಸಿಕೊಂಡು, 1943ರಲ್ಲಿ ತನ್ನವರಲ್ಲಿ ಐವರನ್ನು ಗಲ್ಲಿಗೆ ಕಳೆದುಕೊಂಡ ಊರು ಅದು. ಆದರೆ ಈಸೂರನ್ನು ಒಳಗೊಂಡ ಈ ಸೀಮೆಗೆ ಅದಕ್ಕಿಂತ ಬಹಳ ಹಿಂದಿನ ಇನ್ನೊಂದು ಕೀರ್ತಿಯೂ ಉಂಟು. ಅದು ವಿದ್ಯೆಗೆ ಸಂಬಂಧಿಸಿದುದು. ಇದೇ ತಾಲೂಕಿನ ತಾಳಗುಂದ ಪ್ರಾಚೀನ ಅಗ್ರಹಾರ. ಐದನೆಯ ಶತಮಾನದ ಅಲ್ಲಿಯ ಸ್ತಂಭಶಾಸನವು ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ವ್ಯಾಸಂಗಕ್ಕಾಗಿ ಹೋದುದನ್ನೂ, ಅಲ್ಲಿ ಅವಮಾನಿತನಾಗಿ ಓದನ್ನು ಬಿಟ್ಟು ಖಡ್ಗ ಹಿಡಿದುದನ್ನೂ ದಾಖಲಿಸಿದೆ. ನೆರೆಯ ಸೊರಬ ತಾಲೂಕಿನ ಕುಪ್ಪಟೂರು ಮತ್ತೊಂದು ಹೆಸರಾಂತ ಅಗ್ರಹಾರವಾಗಿತ್ತು. ತಾಳಗುಂದಕ್ಕೆ ಸಮೀಪದ ಬಳ್ಳಿಗಾವೆಯಂತೂ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿ, ಹಲವು ಮತಗಳ ಮಠಗಳಿಗೆ ನೆಲೆಯಾಗಿ ಮೆರೆದ ಪಟ್ಟಣ.

ಇಂತಹ ವಿದ್ಯಾಕೇಂದ್ರಗಳ ಚರಿತ್ರೆ ಶಾಸನಗಳಲ್ಲಿ ಸಾಕಷ್ಟು ದೊರೆಯುತ್ತದೆ. ಯಾರು ಭೂಮಿ ಕೊಟ್ಟರು, ಯಾವ ಆಚಾರ್ಯರು ಪೀಠದಲ್ಲಿದ್ದರು, ಯಾವ ಶಾಸ್ತ್ರಗಳು ಅಲ್ಲಿ ನಡೆಯುತ್ತಿದ್ದವು ಎಂಬುದನ್ನು ಕಲ್ಲಿನ ಮೇಲೆ ಬರೆದಿಡಲಾಗಿದೆ. ಆದರೆ ಗುರುವೊಬ್ಬನು ತನ್ನೆದುರು ನಿಂತ ಕಲಿಯುವವನೊಡನೆ ಹೇಗೆ ನಡೆದುಕೊಂಡನು, ಅವನ ದುಃಖವನ್ನೂ ಹಮ್ಮನ್ನೂ ಹೇಗೆ ಎದುರಿಸಿದನು, ಯಾವ ಹಂತದಲ್ಲಿ ಅವನನ್ನು ತನ್ನಿಂದ ಬಿಡಿಸಿ ಕಳಿಸಿದನು ಎಂಬುದು ಶಾಸನದ ವಸ್ತುವಲ್ಲ. ಅದನ್ನು ಕಥನಗಳಲ್ಲಿಯೇ ಹುಡುಕಬೇಕು. ಬಳ್ಳಿಗಾವೆಯವನೆಂದು ಪರಂಪರೆ ಗುರುತಿಸುವ ಅಲ್ಲಮಪ್ರಭುವಿನ ಬದುಕು ಅಂತಹ ಕಥನಗಳಲ್ಲಿ ಮುಖ್ಯವಾದುದು. ಅವನನ್ನು ಅನುಭಾವಿಯೆಂದು, ಬೆಡಗಿನ ವಚನಕಾರನೆಂದು, ಶೂನ್ಯಸಿಂಹಾಸನದ ಅಧ್ಯಕ್ಷನೆಂದು ನೋಡಿರುವ ಅಧ್ಯಯನಗಳು ಬೇಕಾದಷ್ಟಿವೆ. ಕಲಿಸುವವನಾಗಿ ಅವನು ಬಾಳಿದ ಬಗೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಕರಗಳ ಸ್ವರೂಪ

ಅಲ್ಲಮನು ಹನ್ನೆರಡನೆಯ ಶತಮಾನದ ಮಧ್ಯಭಾಗದವನು. ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿಯರ ಸಮಕಾಲೀನ. ಅವನ ಜೀವನವನ್ನು ತಿಳಿಯಲು ಮೂರು ಬಗೆಯ ಆಕರಗಳಿವೆ. ಮೊದಲನೆಯದು ಹರಿಹರನ ಪ್ರಭುದೇವರ ರಗಳೆ. ಇದು ಕಾಲದೃಷ್ಟಿಯಿಂದ ಅಲ್ಲಮನಿಗೆ ಹತ್ತಿರವಾದುದು. ಎರಡನೆಯದು ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ಬರೆದ ಪ್ರಭುಲಿಂಗಲೀಲೆ. ಮೂರನೆಯದು ಶೂನ್ಯಸಂಪಾದನೆಗಳು. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಈ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಇವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಶರಣರ ಬಿಡಿ ವಚನಗಳನ್ನು ಆಯ್ದು, ಗದ್ಯದ ಕೊಂಡಿಗಳಿಂದ ಬೆಸೆದು, ಅವುಗಳನ್ನು ಸಂವಾದವಾಗಿ ರೂಪಿಸಿದ ರಚನೆಗಳಿವು.

ಈ ಆಕರಗಳು ಪರಸ್ಪರ ಒಪ್ಪುವುದಿಲ್ಲ. ಹರಿಹರನ ಅಲ್ಲಮನು ಹೆಣ್ಣೊಬ್ಬಳನ್ನು ಒಲಿದು ಕಳೆದುಕೊಂಡವನು. ಚಾಮರಸನ ಅಲ್ಲಮನು ಮಾಯೆಯ ಕೈಗೆ ಸಿಕ್ಕದೆ ಉಳಿದವನು. ಶೂನ್ಯಸಂಪಾದನೆಯ ಅಲ್ಲಮನು ಊರಿಂದೂರಿಗೆ ನಡೆದು ಶರಣರನ್ನು ಪ್ರಶ್ನಿಸುವವನು. ಇವುಗಳಲ್ಲಿ ಯಾವುದು ನಡೆದ ಸಂಗತಿ, ಯಾವುದು ಕಲ್ಪನೆ ಎಂದು ಬೇರ್ಪಡಿಸುವುದು ಸುಲಭವಲ್ಲ. ಶೂನ್ಯಸಂಪಾದನೆಯ ಸಂವಾದಗಳು ಅಲ್ಲಮನ ಕಾಲದಿಂದ ಇನ್ನೂರೈವತ್ತು ವರ್ಷಗಳಿಗೂ ಮಿಕ್ಕ ಅಂತರದಲ್ಲಿ ಕಟ್ಟಲ್ಪಟ್ಟವು ಎಂಬುದನ್ನು ಮರೆಯುವಂತಿಲ್ಲ. ಆದರೂ ಗುರು ಎಂದರೆ ಹೇಗಿರಬೇಕು ಎಂಬ ಪ್ರಶ್ನೆಗೆ ಕನ್ನಡ ಪರಂಪರೆಯು ಶತಮಾನಗಳ ಕಾಲ ಯೋಚಿಸಿ ಕೊಟ್ಟ ಉತ್ತರ ಈ ಕಥನಗಳಲ್ಲಿದೆ. ಆ ದೃಷ್ಟಿಯಿಂದ ಇವು ಅಮೂಲ್ಯ ದಾಖಲೆಗಳೇ ಆಗಿವೆ.

ಆಧುನಿಕ ಕಾಲದಲ್ಲಿ ಎಲ್. ಬಸವರಾಜು ಅವರ ಅಲ್ಲಮನ ವಚನ ಚಂದ್ರಿಕೆ (1960) ಅಲ್ಲಮನ ವಚನಗಳನ್ನು ಓದುಗರಿಗೆ ಹತ್ತಿರವಾಗಿಸಿತು. ಡಿ.ಆರ್. ನಾಗರಾಜ್ ಅವರ ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ (1999) ಅವನನ್ನು ಭಾರತೀಯ ಶೈವ ಚಿಂತನೆಯ ವಿಶಾಲ ಹಿನ್ನೆಲೆಯಲ್ಲಿಟ್ಟು ನೋಡಿತು. ಈ ಎರಡು ಕೃತಿಗಳ ನಂತರ ಅಲ್ಲಮನನ್ನು ಕೇವಲ ಪವಾಡಪುರುಷನೆಂದು ಓದುವುದು ಸಾಧ್ಯವಾಗಿಲ್ಲ.

ಕೋಡಿಮಠದ ಊರು

ಅಲ್ಲಮನ ಬೋಧನಾಕ್ರಮದ ವಿಶೇಷವನ್ನು ತಿಳಿಯಬೇಕಾದರೆ ಅವನ ಊರಿನಲ್ಲಿಯೇ, ಅವನ ಕಾಲದಲ್ಲಿಯೇ ಇದ್ದ ಇನ್ನೊಂದು ಬಗೆಯ ಬೋಧನೆಯನ್ನು ಮೊದಲು ನೋಡಬೇಕು. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡು ಕೋಡಿಮಠವಿತ್ತು. ಇದು ಕಾಳಾಮುಖ ಶೈವರ ಮಠ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರು ಇದರ ಪೀಠದಲ್ಲಿದ್ದರು. ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠವನ್ನು ವಿವರವಾಗಿ ವರ್ಣಿಸುತ್ತದೆ.

ಆ ಶಾಸನದ ಪ್ರಕಾರ ಅಲ್ಲಿ ನಾಲ್ಕು ವೇದಗಳು ಅಂಗಸಹಿತವಾಗಿ ನಡೆಯುತ್ತಿದ್ದವು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕಗಳು ವ್ಯಾಖ್ಯಾನಕ್ಕೆ ಒಳಪಡುತ್ತಿದ್ದವು. ಶೈವ ಮಠವೊಂದು ಬೌದ್ಧ ದರ್ಶನವನ್ನೂ ಪಾಠಕ್ಕೆ ಇಟ್ಟುಕೊಂಡಿದ್ದುದು ಗಮನಾರ್ಹ. ಇದಿಷ್ಟೇ ಅಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅಲ್ಲಿ ಅನ್ನ ಪಡೆಯುತ್ತಿದ್ದರು. ಕಥೆ ಹೇಳುವವರು, ಹಾಡುವವರು, ವಾದ್ಯಗಾರರು, ನರ್ತಕರು, ಬೇರೆ ಬೇರೆ ಪಂಥಗಳ ಸನ್ಯಾಸಿಗಳು, ಜೈನ ಕ್ಷಪಣಕರು ಸಹ ಅಲ್ಲಿ ಉಣ್ಣುತ್ತಿದ್ದರು. ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತು. ಸಕಲ ಜೀವಿಗಳಿಗೂ ಅಭಯ ನೀಡುವ ಸ್ಥಾನವೆಂದು ಶಾಸನವು ಅದನ್ನು ಕರೆದಿದೆ.

ಕಲಿಯುವವನಿಗೆ ಆಸರೆ ಎಂದರೆ ಏನು ಎಂಬುದಕ್ಕೆ ಕೋಡಿಮಠವು ಕೊಟ್ಟ ಉತ್ತರ ಇದು: ಅನ್ನ, ವಸತಿ, ಔಷಧ, ಗ್ರಂಥ, ಆಚಾರ್ಯ. ಹಸಿದವನು ಕಲಿಯಲಾರ, ರೋಗಿಯು ಕಲಿಯಲಾರ ಎಂಬ ಅರಿವು ಈ ವ್ಯವಸ್ಥೆಯ ಹಿಂದೆ ಇದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಈ ವ್ಯವಸ್ಥೆಯಲ್ಲಿ ಕಲಿಯುವವನು ಮಠದ ಬಾಗಿಲಿಗೆ ಬರಬೇಕು. ಅವನು ಬಂದ ಮೇಲೆ ಏನನ್ನು ಓದಬೇಕು ಎಂಬುದೂ ಮೊದಲೇ ನಿಶ್ಚಯವಾಗಿರುತ್ತದೆ. ಇದೇ ಊರಿನ ಅಲ್ಲಮನ ಬದುಕು ಈ ಎರಡು ಅಂಶಗಳಲ್ಲಿಯೂ ಬೇರೆ ದಾರಿ ಹಿಡಿಯಿತು.

ಮದ್ದಳೆಗಾರನಿಂದ ಶಿಷ್ಯನವರೆಗೆ

ಹರಿಹರನ ಪ್ರಕಾರ ಅಲ್ಲಮನು ಬಳ್ಳಿಗಾವೆಯ ನಾಗವಾಸಾಧಿಪತಿಯ ಮಗ. ನಾಗವಾಸವೆಂದರೆ ದೇವಾಲಯದ ಗೀತ, ವಾದ್ಯ, ನೃತ್ಯಗಳಿಗೆ ಸೇರಿದ ಪರಿವಾರ. ಮದ್ದಳೆ ನುಡಿಸುವುದರಲ್ಲಿ ಅಲ್ಲಮನು ನಿಪುಣನಾಗಿದ್ದನು. ಶಾಸ್ತ್ರವ್ಯಾಸಂಗದ ಮನೆಯಲ್ಲಿ ಹುಟ್ಟದೆ, ಕೈಬೆರಳುಗಳ ಅಭ್ಯಾಸದಿಂದ ವಿದ್ಯೆ ಬರುವ ಮನೆಯಲ್ಲಿ ಹುಟ್ಟಿದವನು ಅವನು. ಕೇಳುವುದು, ಕಾಯುವುದು, ಎದುರಿನವರ ಹೆಜ್ಜೆಗೆ ತಕ್ಕಂತೆ ತನ್ನ ನುಡಿತವನ್ನು ಹೊಂದಿಸುವುದು ಮದ್ದಳೆಗಾರನ ಕಸುಬು. ಮುಂದೆ ಅವನು ಶರಣರೊಡನೆ ನಡೆಸಿದ ಸಂವಾದಗಳಲ್ಲಿ ಈ ಕಸುಬಿನ ಗುಣ ಕಾಣಿಸುತ್ತದೆ ಎಂದು ಹೇಳಿದರೆ ತಪ್ಪಾಗಲಾರದು.

ತಾರುಣ್ಯದಲ್ಲಿ ಅವನು ಕಾಮಲತೆ ಎಂಬವಳನ್ನು ಒಲಿದನು. ಅವರ ಕೂಡುಬಾಳು ಬಹುಕಾಲ ಉಳಿಯಲಿಲ್ಲ. ಜ್ವರಕ್ಕೆ ತುತ್ತಾಗಿ ಕಾಮಲತೆ ತೀರಿಕೊಂಡಳು. ಅಲ್ಲಮನು ಮತಿಗೆಟ್ಟವನಂತೆ ಅಲೆದನು. ಹೀಗೆ ಅಲೆಯುತ್ತ ಒಂದೆಡೆ ಕುಳಿತು ಕಾಲ ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದಾಗ ಮಣ್ಣಿನೊಳಗಿನಿಂದ ಹೊನ್ನಿನ ಕಳಸವೊಂದರ ತುದಿ ಕಾಣಿಸಿತು. ಅಗೆಯಿಸಿ ನೋಡಿದಾಗ ನೆಲದೊಳಗೆ ಹೂತುಹೋಗಿದ್ದ ಗುಡಿ ಹೊರಬಂದಿತು. ಅದರ ಒಳಗೆ ಅನಿಮಿಷನೆಂಬ ಯೋಗಿ ಕೈಯಲ್ಲಿ ಲಿಂಗವನ್ನು ಹಿಡಿದು, ರೆಪ್ಪೆ ಮಿಟುಕದೆ ಕುಳಿತಿದ್ದನು. ಅಲ್ಲಮನು ಆ ಲಿಂಗವನ್ನು ಪಡೆದನು. ಲಿಂಗವು ಕೈಬಿಟ್ಟೊಡನೆ ಯೋಗಿಯ ಪ್ರಾಣವೂ ಹೋಯಿತು.

ಕನ್ನಡ ಸಾಹಿತ್ಯದಲ್ಲಿ ಗುರುದರ್ಶನದ ಸನ್ನಿವೇಶಗಳು ಅನೇಕವಿವೆ. ಆದರೆ ಈ ಸನ್ನಿವೇಶ ಅವುಗಳಿಂದ ಭಿನ್ನವಾಗಿದೆ. ಇಲ್ಲಿ ಗುರು ಒಂದು ಮಾತನ್ನೂ ಆಡುವುದಿಲ್ಲ. ಮಂತ್ರವಿಲ್ಲ, ಉಪದೇಶವಿಲ್ಲ, ಪ್ರಶ್ನೋತ್ತರವಿಲ್ಲ. ಶಿಷ್ಯನು ತನ್ನ ದುಃಖದ ಕೆರೆತದಿಂದಲೇ ಗುರುವನ್ನು ಅಗೆದು ತೆಗೆಯುತ್ತಾನೆ. ಪಡೆದ ಮೇಲೆ ಸಂದೇಹ ಬಂದರೆ ಕೇಳಲು ಗುರು ಉಳಿದಿಲ್ಲ. ಅಲ್ಲಮನಿಗೆ ದೊರೆತದ್ದು ಒಂದು ನೋಟ ಮಾತ್ರ. ಅದರ ಅರ್ಥವನ್ನು ಅವನು ಬದುಕಿಡೀ ತಾನೇ ಹುಡುಕಬೇಕಾಯಿತು. ಮುಂದೆ ಅವನು ಗುಹೇಶ್ವರ ಎಂಬ ಅಂಕಿತದಲ್ಲಿ ರಚಿಸಿದ ವಚನಗಳಲ್ಲಿ ಗುಹೆಯ ಒಳಗಿನ ಈ ಕಾಣ್ಕೆಯ ನೆನಪು ಉಳಿದಿದೆ ಎಂಬ ಅಭಿಪ್ರಾಯವಿದೆ. ಉತ್ತರ ಹೇಳದ ಗುರುವಿನ ಶಿಷ್ಯನಾದುದರಿಂದಲೇ ಅವನು ಸಿದ್ಧ ಉತ್ತರಗಳನ್ನು ಕೊಡದ ಗುರುವಾದನು.

ತೋಟ, ಸಾವಿನ ಮನೆ, ಕೆರೆಯ ದಂಡೆ

ಶೂನ್ಯಸಂಪಾದನೆಯ ಕಥನದಲ್ಲಿ ಅಲ್ಲಮನು ಮಠವನ್ನು ಕಟ್ಟುವುದಿಲ್ಲ, ನಡೆಯುತ್ತಾನೆ. ಅವನ ಪಾಠಗಳು ನಡೆಯುವ ಸ್ಥಳಗಳನ್ನು ಪಟ್ಟಿ ಮಾಡಿದರೆ ಅವುಗಳಲ್ಲಿ ಒಂದೂ ಪಾಠಶಾಲೆಯಲ್ಲ ಎಂಬುದು ತಿಳಿಯುತ್ತದೆ.

ಮೊದಲನೆಯದು ಗೊಗ್ಗಯ್ಯನ ತೋಟ. ಗೊಗ್ಗಯ್ಯ ಮಣ್ಣಗೆದು ಗಿಡ ಬೆಳೆಸುವ ಕಾಯಕದವನು. ಅಲ್ಲಮನು ಅವನಿಗೆ ಆ ಕೆಲಸವನ್ನು ಬಿಟ್ಟು ಬರಬೇಕೆಂದು ಹೇಳಲಿಲ್ಲ. ತೋಟ, ಗುದ್ದಲಿ, ಬೀಜ, ನೀರು ಎಂಬ ಅವನ ದಿನನಿತ್ಯದ ಮಾತುಗಳನ್ನೇ ತೆಗೆದುಕೊಂಡು ದೇಹ, ಮನಸ್ಸು, ಸಾಧನೆಗಳನ್ನು ವಿವರಿಸಿದನು. ಹೊಸ ಪರಿಭಾಷೆಯನ್ನು ಹೇರದೆ, ಕಲಿಯುವವನ ಕೈಯಲ್ಲಿ ಆಗಲೇ ಇರುವ ಉಪಕರಣದಿಂದ ಪಾಠವನ್ನು ಆರಂಭಿಸಿದನು.

ಎರಡನೆಯದು ಮುಕ್ತಾಯಕ್ಕನ ದುಃಖದ ನೆಲೆ. ಲಕ್ಕುಂಡಿಯ ಅಜಗಣ್ಣ ತನ್ನ ಅನುಭಾವವನ್ನು ಯಾರಿಗೂ ತೋರಗೊಡದೆ ಬಾಳಿದವನು. ಅವನ ತಂಗಿ ಮುಕ್ತಾಯಕ್ಕನಿಗೆ ಅಣ್ಣನೇ ಗುರುವಾಗಿದ್ದನು. ಅವನ ಮರಣದಿಂದ ಅವಳು ಅಣ್ಣನನ್ನೂ ಗುರುವನ್ನೂ ಒಟ್ಟಿಗೆ ಕಳೆದುಕೊಂಡಳು. ಅಲ್ಲಮನು ಅಲ್ಲಿಗೆ ಬಂದು ಅವಳ ಅಳುವಿನ ಕಾರಣವನ್ನು ವಿಚಾರಿಸುತ್ತಾನೆ. ಗುರು ದೇಹವೋ ಅರಿವೋ ಎಂಬ ಪ್ರಶ್ನೆಯ ಕಡೆಗೆ ಅವಳ ಶೋಕವನ್ನು ಮೆಲ್ಲನೆ ತಿರುಗಿಸುತ್ತಾನೆ. ಆದರೆ ಮುಕ್ತಾಯಕ್ಕ ಸುಲಭವಾಗಿ ಒಪ್ಪುವವಳಲ್ಲ. ಮಾತಿನಲ್ಲಿ ತೊಡಗಿರುವ ನೀನು ಮಾತಿನ ಬಲೆಯಿಂದ ಬಿಡುಗಡೆ ಪಡೆದವನು ಹೇಗಾದೀಯೆ ಎಂಬ ಆಕ್ಷೇಪವನ್ನು ಅವಳು ಅಲ್ಲಮನ ಮೇಲೆಯೇ ಎತ್ತುತ್ತಾಳೆ. ಮಾತಿಲ್ಲದೆ ಬಾಳಿದ ಅಜಗಣ್ಣನ ಎದುರು ಮಾತಾಡುವ ಅಲ್ಲಮನು ಕಡಿಮೆಯವನೆಂದು ಅವಳಿಗೆ ತೋರುತ್ತದೆ. ಅಲ್ಲಮನು ಇದರಿಂದ ಕೆರಳುವುದಿಲ್ಲ. ಪ್ರಶ್ನೆಯನ್ನು ಗಂಭೀರವಾಗಿ ಸ್ವೀಕರಿಸಿ, ಅನುಭಾವಿಯ ಮಾತು ಎಂತಹದು ಎಂಬುದನ್ನು ಅವಳೆದುರು ಸಮರ್ಥಿಸಿಕೊಳ್ಳುತ್ತಾನೆ. ಶಿಷ್ಯೆ ಗುರುವನ್ನು ಪರೀಕ್ಷಿಸಿದ, ಗುರು ಆ ಪರೀಕ್ಷೆಗೆ ಒಳಪಟ್ಟ ಅಪೂರ್ವ ಪ್ರಸಂಗವಿದು. ಹರಿಹರನ ಕಥನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಕಾಮಲತೆಯನ್ನು ಕಳೆದುಕೊಂಡು ಅಲೆದವನು, ಪಡೆದ ಕ್ಷಣದಲ್ಲಿಯೇ ಗುರುವನ್ನೂ ಕಳೆದುಕೊಂಡವನು ಮುಕ್ತಾಯಕ್ಕನ ಎದುರು ನಿಂತಿದ್ದಾನೆ. ಎರಡು ಕಥನಗಳು ಬೇರೆ ಬೇರೆ ಕಾಲದವು, ನಿಜ. ಆದರೂ ಪರಂಪರೆಯು ಶೋಕವನ್ನು ಬಲ್ಲವನನ್ನೇ ಶೋಕಿಸುವವಳ ಬಳಿಗೆ ಕಳಿಸಿತು.

ಮೂರನೆಯದು ಸೊನ್ನಲಿಗೆಯ ಕೆರೆಯ ದಂಡೆ. ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಸಿದ್ಧರಾಮನು ಅಲ್ಲಿ ಕೆರೆ ಕಟ್ಟಿಸುತ್ತ, ಗುಡಿಗಳನ್ನು ಎತ್ತಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದನು. ಅಲ್ಲಮನು ಬಂದು ಅವನನ್ನು ಒಡ್ಡರ ರಾಮನೆಂದು ಹಗುರವಾಗಿ ಕರೆದನು. ಮಣ್ಣು ಹೊರುತ್ತಿದ್ದ ಕೆಲಸಗಾರರು ಸಿಟ್ಟಿಗೆದ್ದು ಅವನ ಮೇಲೆ ಕಲ್ಲು ಬೀರಿದರು. ಸುದ್ದಿ ತಿಳಿದ ಸಿದ್ಧರಾಮನೂ ಕೋಪದಿಂದ ಬಂದನು. ಅಲ್ಲಮನಿಗೆ ಬೇಕಾಗಿದ್ದುದು ಆ ಕೋಪವೇ. ಪರೋಪಕಾರವನ್ನು ಮಾಡುತ್ತಿರುವೆನೆಂಬ ಭಾವದ ಅಡಿಯಲ್ಲಿ ಮಾಡುವವನು ನಾನು ಎಂಬ ಹಮ್ಮು ಅಡಗಿರುವುದನ್ನು ಸಿದ್ಧರಾಮನಿಗೆ ಬೇರೆ ಯಾರೂ ಹೇಳಿ ತಿಳಿಸುವಂತಿರಲಿಲ್ಲ. ಅದು ಹೊರಬರುವ ಸನ್ನಿವೇಶವನ್ನು ಅಲ್ಲಮನು ಉಂಟುಮಾಡಿದನು.

ಈ ಪ್ರಸಂಗವನ್ನು ಓದುವಾಗ ತೊಡಕೊಂದು ಎದುರಾಗುತ್ತದೆ. ಕಲಿಯುವವನನ್ನು ನೋಯಿಸಿ ಕಲಿಸುವುದು ಸರಿಯೇ? ದುಡಿಯುವ ಜನರ ಕುಲನಾಮವನ್ನು ಹಗುರವಾಗಿ ಬಳಸಿದುದು ಇಂದಿನ ಓದುಗರಿಗೆ ಹಿತವೆನಿಸುವುದಿಲ್ಲ; ಎನಿಸಬೇಕಾಗಿಯೂ ಇಲ್ಲ. ಕಥನವನ್ನು ಸಮಗ್ರವಾಗಿ ನೋಡಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಗೊಗ್ಗಯ್ಯನಿಗೂ ಮುಕ್ತಾಯಕ್ಕನಿಗೂ ಅಲ್ಲಮನು ಈ ಬಿರುಸನ್ನು ತೋರಲಿಲ್ಲ. ಪ್ರತಿಷ್ಠೆಯ ಶಿಖರದಲ್ಲಿದ್ದವನಿಗೆ ಮಾತ್ರ ತೋರಿದನು. ಅಲ್ಲದೆ, ನೋಯಿಸಿದ ಮೇಲೆ ಅವನು ಸಿದ್ಧರಾಮನನ್ನು ಅಲ್ಲಿಯೇ ಬಿಟ್ಟು ಹೋಗಲಿಲ್ಲ. ತನ್ನೊಡನೆ ಕಲ್ಯಾಣಕ್ಕೆ ಕರೆದುಕೊಂಡು ನಡೆದನು. ಮುಂದಿನ ಸಂಪಾದನೆಗಳ ಪ್ರಕಾರ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಕೊಟ್ಟವನು ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣ. ತಾನು ಎಚ್ಚರಿಸಿದ ಶಿಷ್ಯನನ್ನು ಮತ್ತೊಬ್ಬ ಗುರುವಿನ ಕೈಗೆ ಒಪ್ಪಿಸಲು ಅಲ್ಲಮನಿಗೆ ಸಂಕೋಚವಾಗಲಿಲ್ಲ. ಶಿವಗಣಪ್ರಸಾದಿಯ ಮೊದಲ ಸಂಕಲನದಲ್ಲಿ ಈ ದೀಕ್ಷೆಯ ಪ್ರಸಂಗವಿಲ್ಲ. ಅದು ಇಲ್ಲದಿರುವುದೇ ಹಲಗೆಯಾರ್ಯನು ಕೃತಿಯನ್ನು ಪರಿಷ್ಕರಿಸಲು ಒಂದು ಮುಖ್ಯ ಕಾರಣವಾಯಿತು. ಅರಿವು ಪಡೆದವನಿಗೆ ವಿಧಿವತ್ತಾದ ದೀಕ್ಷೆ ಬೇಕೇ ಬೇಡವೇ ಎಂಬ ಚರ್ಚೆ ಸಂಕಲನಕಾರರ ನಡುವೆಯೂ ಜೀವಂತವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಲ್ಯಾಣದ ಮಹಾಮನೆ

ಅಲ್ಲಮನೂ ಸಿದ್ಧರಾಮನೂ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನು ಲಿಂಗಪೂಜೆಯಲ್ಲಿದ್ದನು. ಬಹುಕಾಲದಿಂದ ಯಾರಿಗಾಗಿ ಕಾದಿದ್ದನೋ ಅವನೇ ಬಾಗಿಲಲ್ಲಿ ನಿಂತಿದ್ದರೂ ಪೂಜೆಯಿಂದ ಏಳದೆ ಹಡಪದ ಅಪ್ಪಣ್ಣನನ್ನು ಕರೆತರಲು ಕಳಿಸಿದನು. ಅಲ್ಲಮನು ಒಳಗೆ ಬರಲಿಲ್ಲ. ಚೆನ್ನಬಸವಣ್ಣನು ಪೂಜೆಗಿಂತ ಬಾಗಿಲಲ್ಲಿ ನಿಂತ ಜಂಗಮ ಮುಖ್ಯವೆಂದು ತಿಳಿಹೇಳಿದ ಮೇಲೆ ಬಸವಣ್ಣನು ತಾನೇ ಹೊರಬಂದು ಎರಗಿದನು. ಬಾಗಿಲಿನ ಹೊರಗೆ ನಿಂತದ್ದೇ ಇಲ್ಲಿ ಪಾಠವಾಯಿತು. ಪಾಠ ಹೇಳಿದವನು ಅಲ್ಲಮನಲ್ಲ, ಬಸವಣ್ಣನ ಸೋದರಳಿಯ. ಕಲಿಕೆಯು ಕೂಟದಲ್ಲಿ ನಡೆಯುತ್ತದೆ, ಒಬ್ಬನ ತಪ್ಪನ್ನು ಇನ್ನೊಬ್ಬ ಸಹಪಾಠಿಯೇ ತಿದ್ದಬಲ್ಲನು ಎಂಬ ಅರಿವು ಈ ಪ್ರಸಂಗದಲ್ಲಿದೆ.

ಕಲ್ಯಾಣದ ಪ್ರಸಂಗಗಳಲ್ಲಿ ಮರುಳಶಂಕರದೇವನದು ಶಿಕ್ಷಕನ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಮಹಾಮನೆಯಲ್ಲಿ ಪ್ರಸಾದವನ್ನು ಉಂಡುಕೊಂಡು, ಹುಚ್ಚನೆಂದು ಎಲ್ಲರಿಂದಲೂ ಕಡೆಗಣಿಸಲ್ಪಟ್ಟು ಅವನು ಬಹುಕಾಲ ಮರೆಯಲ್ಲಿದ್ದನು. ಸಾವಿರಾರು ಜಂಗಮರಿಗೆ ನಿತ್ಯ ಉಣಬಡಿಸುತ್ತಿದ್ದ ಬಸವಣ್ಣನಿಗೂ ಅವನ ಅರಿವು ಇರಲಿಲ್ಲ. ಹೊಸದಾಗಿ ಬಂದ ಅಲ್ಲಮನ ಕಣ್ಣಿಗೆ ಅವನು ಬಿದ್ದನು. ಮೂಲೆಯಿಂದ ಅವನನ್ನು ಹೊರಕರೆದು, ಅವನ ಸಾಧನೆ ಎಂತಹದೆಂಬುದನ್ನು ಶರಣರೆಲ್ಲರಿಗೂ ತೋರಿಸಿಕೊಟ್ಟನು. ಬಸವಣ್ಣನು ತನ್ನ ಮನೆಯಲ್ಲಿಯೇ ಇದ್ದವನನ್ನು ತಾನು ಕಾಣದೆಹೋದುದಕ್ಕೆ ಮರುಗಿದನು. ಒಳ್ಳೆಯ ವ್ಯವಸ್ಥೆಯಿದ್ದೂ, ಕರುಣೆಯುಳ್ಳ ಯಜಮಾನನಿದ್ದೂ, ಸದ್ದು ಮಾಡದೆ ಕುಳಿತವನೊಬ್ಬನು ಯಾರ ಗಮನಕ್ಕೂ ಬಾರದೆ ಉಳಿಯಬಹುದು. ಅನ್ನ ದೊರೆತ ಮಾತ್ರಕ್ಕೆ ಅವನಿಗೆ ಆಸರೆ ದೊರೆಯಿತೆಂದು ತಿಳಿಯಲಾಗದು. ಅವನನ್ನು ಯಾರಾದರೂ ಕಾಣಬೇಕು.

ಆಯ್ದಕ್ಕಿ ಮಾರಯ್ಯನ ಪ್ರಸಂಗ ಬೋಧನೆಯ ಮಿತಿಯನ್ನು ತೋರಿಸುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಅಲ್ಲಮನೊಡನೆ ಅನುಭಾವದ ಮಾತಿನಲ್ಲಿ ಮುಳುಗಿ ಅವನು ಕಾಯಕದ ಹೊತ್ತನ್ನು ಮರೆತನು. ಅವನನ್ನು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಗಾಬರಿಯಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಇದ್ದಲ್ಲಿಗೇ ಹಿಂದಿರುಗಿಸುವಂತೆ ಮಾಡಿದವಳೂ ಅವಳೇ. ಗುರುವಿನ ಮಾತು ಎಷ್ಟೇ ಸೊಗಸಾಗಿದ್ದರೂ ಅದು ಕಲಿಯುವವನ ದುಡಿಮೆಯ ಹೊತ್ತನ್ನು ನುಂಗಬಾರದು. ಅಲ್ಲಮನ ಹಿರಿಮೆಯನ್ನು ಸಾರುವ ಗ್ರಂಥವೇ ಅವನ ಮಾತಿನಿಂದಾದ ಈ ತೊಡಕನ್ನೂ ಮುಚ್ಚಿಡದೆ ಹೇಳಿದೆ.

ಉಡುತಡಿಯ ಶಿಷ್ಯೆ

ಅಕ್ಕಮಹಾದೇವಿಯ ಹುಟ್ಟೂರು ಉಡುತಡಿ. ಶಿಕಾರಿಪುರ ತಾಲೂಕಿನ ಇಂದಿನ ಉಡುಗಣಿಯೇ ಅದೆಂದು ಗುರುತಿಸಲಾಗಿದೆ. ಒಂದೇ ಸೀಮೆಯ ಇಬ್ಬರು ಬಹುದೂರದ ಕಲ್ಯಾಣದಲ್ಲಿ ಗುರುಶಿಷ್ಯರಾಗಿ ಎದುರಾದರು. ಕೌಶಿಕನ ಅರಮನೆಯನ್ನು ತೊರೆದು, ಉಡುಗೆಯನ್ನೂ ತೊರೆದು, ಕೂದಲನ್ನೇ ಹೊದಿಕೆಯಾಗಿ ಮಾಡಿಕೊಂಡು ಬಂದ ತರುಣಿಯನ್ನು ಅಲ್ಲಮನು ಕೂಡಲೇ ಸ್ವಾಗತಿಸಲಿಲ್ಲ. ಪತಿ ಯಾರೆಂಬ ಗುರುತನ್ನು ಕೇಳಿದನು. ದೇಹದ ಹಂಗನ್ನು ತೊರೆದವಳಾದರೆ ಕೂದಲಿನ ಮರೆ ಏಕೆಂದು ಕೇಳಿದನು.

ಶರಣರೆಲ್ಲ ನೆರೆದ ಸಭೆಯಲ್ಲಿ ಒಂಟಿ ಹೆಣ್ಣಿಗೆ ಹಾಕಿದ ಈ ಪ್ರಶ್ನೆಗಳು ಕ್ರೂರವೆನಿಸುತ್ತವೆ. ಆದರೆ ಆ ಪ್ರಶ್ನೆಗಳು ಸಭೆಯಲ್ಲಿದ್ದ ಅನೇಕರ ಮನಸ್ಸಿನಲ್ಲಿ ಮಾತಾಗದೆ ಉಳಿಯಬಹುದಾಗಿದ್ದವು. ಅವುಗಳನ್ನು ಬಾಯಿಬಿಟ್ಟು ಕೇಳಿದುದರಿಂದ ಉತ್ತರ ಹೇಳುವ ಅವಕಾಶ ಅಕ್ಕನಿಗೆ ದೊರೆಯಿತು. ಅವಳು ಅಳುಕದೆ ಉತ್ತರಿಸಿದಳು. ಮರೆ ತನಗಾಗಿ ಅಲ್ಲ, ನೋಡುವವರ ಮನಸ್ಸು ನೋಯಬಾರದೆಂಬುದಕ್ಕಾಗಿ ಎಂಬ ಅವಳ ನಿಲುವು ಪ್ರಶ್ನೆಯನ್ನು ಸಭೆಯ ಕಡೆಗೇ ತಿರುಗಿಸಿತು. ಪ್ರಶ್ನೋತ್ತರ ಮುಗಿಯುವ ಹೊತ್ತಿಗೆ ಅವಳ ಸ್ಥಾನ ಯಾರ ಕೃಪೆಯಿಂದಲೂ ಬಂದುದಾಗಿರಲಿಲ್ಲ, ಅವಳೇ ಗೆದ್ದುಕೊಂಡುದಾಗಿತ್ತು. ಬಸವಣ್ಣ, ಚೆನ್ನಬಸವಣ್ಣ ಮೊದಲಾದವರೆಲ್ಲ ಅವಳನ್ನು ಹಿರಿಯಳೆಂದು ಮನ್ನಿಸಿದರು. ಅನುಕಂಪದಿಂದ ಪರೀಕ್ಷೆಯನ್ನು ಸಡಿಲಿಸಿದ್ದರೆ ಈ ಮನ್ನಣೆ ಸಂದೇಹದ ನೆರಳಿನಲ್ಲಿಯೇ ಉಳಿಯುತ್ತಿತ್ತು. ಕಲಿಯುವವಳ ಶಕ್ತಿಯಲ್ಲಿ ಪೂರ್ಣ ನಂಬಿಕೆಯಿದ್ದವನು ಮಾತ್ರ ಅಷ್ಟು ಕಠಿಣವಾದ ಪ್ರಶ್ನೆಯನ್ನು ಕೇಳಬಲ್ಲನು. ಅನಂತರ ಅಲ್ಲಮನು ಅವಳನ್ನು ಕಲ್ಯಾಣದಲ್ಲಿ ಉಳಿಸಿಕೊಳ್ಳಲಿಲ್ಲ. ಅವಳ ದಾರಿ ಶ್ರೀಶೈಲದ ಕದಳಿಯ ಕಡೆಗಿತ್ತು. ಆ ದಾರಿಯಲ್ಲಿ ಅವಳನ್ನು ಬೀಳ್ಕೊಟ್ಟನು.

ಗೋರಕ್ಷ ಮತ್ತು ಕದಳಿ

ಅಲ್ಲಮನೂ ಕಲ್ಯಾಣದಲ್ಲಿ ನೆಲೆ ನಿಲ್ಲಲಿಲ್ಲ. ಸಂಚಾರಕ್ಕೆ ಹೊರಟು ಬಹುಕಾಲದ ಮೇಲೆ ಹಿಂತಿರುಗಿದಾಗ ಬಸವಣ್ಣನು ಅವನಿಗಾಗಿ ಶೂನ್ಯಸಿಂಹಾಸನವನ್ನು ಸಿದ್ಧಪಡಿಸಿ ಕಾದಿದ್ದನು. ವಿಚಿತ್ರ ವೇಷದಲ್ಲಿ ಬಂದ ಅಲ್ಲಮನು ನೇರವಾಗಿ ಹೋಗಿ ಅದರ ಮೇಲೆ ಕುಳಿತಾಗ ಊಟಕ್ಕೆ ಬಂದಿದ್ದ ಜಂಗಮರು ಮುನಿದು ಹೊರಟುಹೋದರು. ಪೀಠಕ್ಕೆ ಬೇಕಾದುದು ವೇಷವೋ ಅರಿವೋ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು.

ಸಂಚಾರದ ಕಾಲದ ಪ್ರಸಂಗಗಳಲ್ಲಿ ಗೋರಕ್ಷನೊಡನೆ ನಡೆದ ಮುಖಾಮುಖಿ ಪ್ರಸಿದ್ಧವಾದುದು. ಗೋರಕ್ಷನು ಸಾಧನೆಯಿಂದ ವಜ್ರಕಾಯವನ್ನು ಪಡೆದವನು. ಖಡ್ಗದಿಂದ ಹೊಡೆದರೆ ಅವನ ದೇಹವು ಖಣಿಲ್ ಎಂದಿತು, ಗಾಯವಾಗಲಿಲ್ಲ. ಅನಂತರ ಅಲ್ಲಮನು ಅದೇ ಖಡ್ಗದಿಂದ ತನ್ನನ್ನು ಹೊಡೆಯುವಂತೆ ಹೇಳಿದನು. ಖಡ್ಗವು ಬಯಲಿನಲ್ಲಿ ಬೀಸಿದಂತೆ ಅವನ ದೇಹದ ಮೂಲಕ ಹಾದುಹೋಯಿತು. ಗೋರಕ್ಷನ ಗರ್ವ ಕರಗಿತು. ಈ ಕಥೆಯನ್ನು ಪವಾಡವೆಂದು ಬದಿಗಿಟ್ಟರೂ ಅದರ ಬೋಧನಾಕ್ರಮ ಉಳಿಯುತ್ತದೆ. ಶಿಷ್ಯನನ್ನು ಒಡ್ಡಿದ ಪರೀಕ್ಷೆಗೆ ಗುರು ತನ್ನನ್ನೂ ಒಡ್ಡಿಕೊಂಡನು. ಗಟ್ಟಿಯಾಗುವುದು ಗೆಲುವು ಎಂದುಕೊಂಡವನಿಗೆ ಇಲ್ಲವಾಗುವುದು ಏನೆಂಬುದನ್ನು ಮಾತಿನಲ್ಲಿ ಹೇಳದೆ ತನ್ನ ಮೈಯಲ್ಲಿಯೇ ತೋರಿಸಿದನು.

ಕಲ್ಯಾಣದ ಶರಣರು ಚದುರಿದ ಕಾಲದಲ್ಲಿ ಅಲ್ಲಮನು ಶ್ರೀಶೈಲದ ಕದಳಿಗೆ ಹೋಗಿ ಬಯಲಾದನೆಂದು ಪರಂಪರೆ ಹೇಳುತ್ತದೆ. ಅವನು ಮಠವನ್ನು ಬಿಟ್ಟುಹೋಗಲಿಲ್ಲ. ವಚನಗಳು ಮಾತ್ರ ಉಳಿದವು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು 1993ರಲ್ಲಿ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟದಲ್ಲಿ ಅವನ ವಚನಗಳಿಗೇ ಒಂದು ಸಂಪುಟ ಮೀಸಲಾಗಿದೆ. ಅವುಗಳಲ್ಲಿ ಬಹುಪಾಲು ಇಂದಿಗೂ ಸುಲಭವಾಗಿ ಅರ್ಥ ಬಿಟ್ಟುಕೊಡುವುದಿಲ್ಲ. ಬೆಡಗಿನ ವಚನವು ಓದುವವನಿಗೆ ಅರ್ಥವನ್ನು ಕೈಗೆತ್ತಿ ಕೊಡದೆ, ಅವನನ್ನೇ ಅರ್ಥಮಾಡುವ ಕೆಲಸಕ್ಕೆ ಹಚ್ಚುತ್ತದೆ. ಬದುಕಿದ್ದಾಗ ಅಲ್ಲಮನು ಶರಣರೊಡನೆ ನಡೆದುಕೊಂಡ ರೀತಿಯೇ ವಚನಗಳ ರೂಪದಲ್ಲಿ ಮುಂದುವರಿದಿದೆ.

ಸಮಾರೋಪ

ಅಲ್ಲಮನ ಜೀವನಕಥನದಿಂದ ಬೋಧನೆಯ ಕೆಲವು ಲಕ್ಷಣಗಳು ಸ್ಪಷ್ಟವಾಗುತ್ತವೆ. ಅವನು ಕಲಿಯುವವರು ಇದ್ದೆಡೆಗೆ ತಾನೇ ಹೋದನು. ಅವರವರ ಕಸುಬಿನ ಮಾತಿನಿಂದಲೇ ಪಾಠವನ್ನು ಆರಂಭಿಸಿದನು. ಒಬ್ಬರಿಗೆ ಬಳಸಿದ ಕ್ರಮವನ್ನು ಇನ್ನೊಬ್ಬರಿಗೆ ಬಳಸಲಿಲ್ಲ: ದುಃಖಿಗೆ ಮೃದುವಾದನು, ಪ್ರತಿಷ್ಠಿತನಿಗೆ ಬಿರುಸಾದನು, ಮರೆಯಲ್ಲಿದ್ದವನನ್ನು ಬೆಳಕಿಗೆ ತಂದನು, ಸಮರ್ಥಳನ್ನು ಕಠಿಣವಾಗಿ ಪರೀಕ್ಷಿಸಿದನು. ತನ್ನ ಮೇಲೆ ಬಂದ ಪ್ರಶ್ನೆಗೆ ಉತ್ತರ ಕೊಟ್ಟನು. ಕೊನೆಗೆ ಎಲ್ಲರನ್ನೂ ಅವರವರ ದಾರಿಗೆ ಬಿಟ್ಟುಕೊಟ್ಟನು.

ಇದರ ಆಧಾರದ ಮೇಲೆ ಕೋಡಿಮಠವನ್ನು ಅಲ್ಲಗಳೆಯುವುದು ಸರಿಯಾಗದು. ಅಲ್ಲಮನ ಸಂವಾದಗಳು ಕೂಡ ಕಲ್ಯಾಣದಲ್ಲಿ ಮಹಾಮನೆಯ ದಾಸೋಹದ ನೆರಳಿನಲ್ಲಿಯೇ ನಡೆದವು ಎಂಬುದನ್ನು ನೆನೆಯಬೇಕು. ಮರುಳಶಂಕರದೇವನು ಅಲ್ಲಮನ ಕಣ್ಣಿಗೆ ಬೀಳುವವರೆಗೆ ಬದುಕಿ ಉಳಿದುದು ಬಸವಣ್ಣನ ಮನೆಯ ಅನ್ನದಿಂದ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟಾಗ, ಕಲಿಕೆಗೆ ಅನ್ನದ ಆಸರೆ ಬೇಕೆಂಬ ಆ ಹಳೆಯ ತಿಳಿವಳಿಕೆಗೆ ಹೊಸ ರೂಪ ದೊರೆಯಿತು. ತಟ್ಟೆಯ ಮುಂದೆ ಕುಳಿತ ಮಗುವಿಗೆ ಅನ್ನ ದೊರೆತ ಮೇಲೂ ಅದನ್ನು ಹೆಸರಿಡಿದು ಕಾಣುವ, ಅದರ ಮನೆಯ ಕಸುಬನ್ನು ಬಲ್ಲ, ಅದರ ಪ್ರಶ್ನೆಗೆ ತಲೆಬಾಗುವ ಶಿಕ್ಷಕ ಬೇಕಾಗುತ್ತಾನೆ. ಕೋಡಿಮಠದ ಅನ್ನಶಾಲೆ ಮತ್ತು ಅಲ್ಲಮನ ಕಣ್ಣು ಎರಡೂ ಬಳ್ಳಿಗಾವೆಯ ಮಣ್ಣಿನಲ್ಲಿ ಒಂದೇ ಕಾಲದಲ್ಲಿ ಮೂಡಿದವು. ಒಂದನ್ನು ಶಾಸನವು ಕಾಪಾಡಿಕೊಂಡು ಬಂದಿತು, ಇನ್ನೊಂದನ್ನು ಕಥನವು ಕಾಪಾಡಿಕೊಂಡು ಬಂದಿತು. ಕಲಿಯುವವರಿಗೆ ಇವೆರಡೂ ಒಟ್ಟಿಗೆ ದೊರೆತಾಗ ಮಾತ್ರ ವಿದ್ಯೆ ಎಂಬ ಮಾತಿಗೆ ಪೂರ್ಣವಾದ ಅರ್ಥ ಬರುತ್ತದೆ.